ಗೇಲಿ, ಲೇವಡಿ, ಮೂದಲಿಕೆ: ಎಲ್ಲವೂ ‘ಟ್ರೋಲ್’ ಆದರೆ ಹೇಗೆ?

ತುಂಗಾತೀರ:
ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಗೇಲಿ, ಲೇವಡಿ, ಅಣಕ, ಹಂಗಿಸು, ಮೂದಲಿಸು – ಈ ಪದಗಳನ್ನು ಕೊಟ್ಟು ಅರ್ಥ ಬರೆಯಲು ಹೇಳಿದರೆ ಮಕ್ಕಳು ಎಲ್ಲದಕ್ಕೂ ‘ಟ್ರೋಲ್ ಮಾಡುವುದು’ ಅಂತ ಬರೆಯುತ್ತಾರೆ. ಇಂಗ್ಲಿಷ್ ಪದ ಬಂತು ಅನ್ನುವುದು ನನ್ನ ತಕರಾರಲ್ಲ. ತೊದಲುವ ಹುಡುಗನ ಮಾತನ್ನು ಹಾಗೇ ಆಡಿ ತೋರಿಸಿದರೂ ಟ್ರೋಲ್, ಮಂತ್ರಿಯ ಭಾಷಣಕ್ಕೆ ಮೀಮ್ ಮಾಡಿದರೂ ಟ್ರೋಲ್. ಎರಡಕ್ಕೂ ಒಂದೇ ಹೆಸರಾದರೆ, ಮೊದಲನೆಯದು ತಪ್ಪು ಅಂತ ಮಕ್ಕಳಿಗೆ ಹೇಗೆ ತಿಳಿಸೋದು? ನಿಮ್ಮ ಕಡೆ ಈ ಪದಗಳನ್ನು ಯಾವಾಗ, ಯಾರ ಮೇಲೆ ಬಳಸುತ್ತಾರೆ, ಹೇಳಿ.

ಸುದ್ದಿಮನೆ:
ಮೇಡಂ, ನಾನು ಪತ್ರಿಕೆಯಲ್ಲಿ ಉಪಸಂಪಾದಕ. ವ್ಯಂಗ್ಯವಾಡಿದರು, ಲೇವಡಿ ಮಾಡಿದರು, ಕುಟುಕಿದರು, ಕಾಲೆಳೆದರು, ಟಾಂಗ್ ಕೊಟ್ಟರು – ದಿನವೂ ಇವನ್ನೇ ಬರೆಯುತ್ತೇವೆ. ಗಡಿಬಿಡಿಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬೀಳುವುದೂ ಉಂಟು. ಆದರೂ ವ್ಯತ್ಯಾಸ ಇದೆ. ಸದನದಲ್ಲಿ ‘ಕಾಲೆಳೆದರು’ ಅಂದರೆ ಕಾಲೆಳೆಸಿಕೊಂಡವರೂ ನಕ್ಕಿರುತ್ತಾರೆ. ಲೇವಡಿಯಲ್ಲಿ ಎದುರಿನವರನ್ನು ಹಗುರ ಮಾಡುವ ಉದ್ದೇಶ ಇರುತ್ತದೆ. ವ್ಯಂಗ್ಯಕ್ಕೆ ಕೆಟ್ಟ ಮಾತೇ ಬೇಕಿಲ್ಲ. ‘ಭಲೇ ರಸ್ತೆ ಮಾಡಿಸಿದ್ದೀರಿ ಸ್ವಾಮಿ’ ಅಂದರೆ ಸಾಕು.

ಅಣಕದ ಕಥೆ ಬೇರೆ. ಅದರಲ್ಲಿ ಮುಖ್ಯವಾದದ್ದು ನಕಲು. ಚುನಾವಣೆ ದಿನ ಬೆಳಿಗ್ಗೆ, ಮತದಾನ ಶುರುವಾಗುವ ಮೊದಲು, ಏಜೆಂಟರ ಎದುರು ಕನಿಷ್ಠ 50 ಮತ ಹಾಕಿ ಯಂತ್ರ ಸರಿಯಾಗಿದೆಯಾ ಅಂತ ನೋಡುತ್ತಾರಲ್ಲ, ಅದನ್ನು ಅಣಕು ಮತದಾನ ಅಂತ ಬರೆಯುತ್ತೇವೆ. 2025ರ ಮೇ 7ರಂದು ನಾಗರಿಕ ರಕ್ಷಣೆಯ ತಾಲೀಮು ನಡೆದಾಗ ಅದು ಅಣಕು ಕಾರ್ಯಾಚರಣೆ. ಇವೆರಡರಲ್ಲೂ ಯಾರಿಗೂ ಗೇಲಿ ಇಲ್ಲ. ಪ್ರತಿಭಟನೆಯವರು ಅಣಕು ಶವಯಾತ್ರೆ ಮಾಡಿದರೆ ಮಾತ್ರ ನಕಲಿನ ಜೊತೆ ಗೇಲಿಯೂ ಸೇರುತ್ತದೆ. ನೀವು ಹೇಳಿದ ತೊದಲುವ ಹುಡುಗನ ವಿಷಯಕ್ಕೆ ‘ಅಣಕಿಸಿದರು’ ಅನ್ನುವುದೇ ಸರಿಯಾದ ಪದ. ಮೀಮ್ ಮಾಡಿದ್ದು ಲೇವಡಿ.

ಧಾರವಾಡದ ಅಕ್ಕ:
ನಮ್ಮ ಕಡೆ ಚಾಷ್ಟಿ ಅಂತೀವಿ, ಕಲಬುರಗಿ ಕಡೆ ಮಸ್ಕಿರಿ. ಎರಡೂ ಹಗುರ ಪದಗಳು. ಆದರೆ ಪದದ ತೂಕ ನೋಡಿದರೆ ಸಾಲದು, ಯಾರು ಯಾರಿಗೆ ಅಂದರು ಅನ್ನುವುದನ್ನೂ ನೋಡಬೇಕು.

ಮದುವೆಯಲ್ಲಿ ಬೀಗರ ಹಾಡು ಕೇಳಿದ್ದೀರಾ? ಬೀಗರ ಜಿಪುಣತನ, ಬೀಗತಿಯ ನಡಿಗೆ, ಅವರು ಊಟಕ್ಕೆ ಕೂತ ರೀತಿ, ಒಂದನ್ನೂ ಬಿಡದೆ ಹಾಡಿ ಜರೀತಾರೆ. ಯಾರೂ ಸಿಟ್ಟಾಗುವುದಿಲ್ಲ. ಯಾಕೆಂದರೆ ಆ ಕಡೆಯ ಹೆಣ್ಣುಮಕ್ಕಳೂ ಎದ್ದು ಇದಕ್ಕಿಂತ ಜೋರಾಗಿ ತಿರುಗಿ ಹಾಡುತ್ತಾರೆ. ಮದುವೆ ಮುಗಿದು ಸೊಸೆ ಮನೆಗೆ ಬಂದ ಮೇಲೆ ‘ನಾವು ಹಾಕಿದ ಅನ್ನ ತಿಂದು ನಮಗೇ ಎದುರು ಮಾತಾಡ್ತೀಯಾ’ ಅಂತ ಕೇಳಿದರೆ ಅದು ಹಂಗಿಸುವುದು. ಕೊಟ್ಟಿದ್ದನ್ನು ಎತ್ತಿ ಆಡುವುದು. ಇಲ್ಲದ್ದನ್ನು ಎತ್ತಿ ಆಡಿದರೆ ಮೂದಲಿಸುವುದು: ಮಕ್ಕಳಿಲ್ಲ, ಬಣ್ಣ ಇಲ್ಲ, ತವರಿನವರು ಏನೂ ಕೊಟ್ಟಿಲ್ಲ. ಆಕೆಗೆ ಅಲ್ಲಿ ತಿರುಗಿ ಹಾಡುವ ಅವಕಾಶ ಇಲ್ಲ. ನಾನಂತೂ ಈ ಒಂದು ಅಳತೆ ಹಿಡಿದೇ ನೋಡುತ್ತೇನೆ.

ಕರಾವಳಿಗ:
ಅಕ್ಕ, ಮೂದಲಿಕೆ ಅಂದರೆ ಅಷ್ಟೇ ಅಂತ ಮಾಡಬೇಡಿ. ಯಕ್ಷಗಾನದಲ್ಲಿ ಗದಾಯುದ್ಧ ನೋಡಿ. ವೈಶಂಪಾಯನ ಸರೋವರದಲ್ಲಿ ಅಡಗಿದ ಕೌರವನನ್ನು ಭೀಮ ಮೂದಲಿಸಿಯೇ ಮೇಲೆ ಬರುವ ಹಾಗೆ ಮಾಡುವುದು. ಆ ಮಾತುಗಾರಿಕೆ ಕೇಳಲಿಕ್ಕೆಂದೇ ಜನ ರಾತ್ರಿ ಎಲ್ಲ ಕೂರುತ್ತಾರೆ. ಮಕ್ಕಳಿಗೆ ಈ ಪದಗಳೇ ಕೆಟ್ಟವು ಅಂತ ಕಲಿಸಿದರೆ ನಾಳೆ ಅವರಿಗೆ ತಾಳಮದ್ದಲೆ ಅರ್ಥವಾಗುವುದಿಲ್ಲ.

ಇನ್ನೊಂದು ಮಾತು. ಗೇಲಿ ಇಲ್ಲದೆ ಬಡವನ ಹತ್ತಿರ ಬೇರೆ ಏನಿದೆ? ರಸ್ತೆ ಗುಂಡಿಯಲ್ಲಿ ಬಾಳೆಗಿಡ ನೆಡುತ್ತಾರೆ. ಅದು ಅಧಿಕಾರಿಗಳಿಗೆ ಮಾಡುವ ಗೇಲಿಯೇ, ಹತ್ತು ಅರ್ಜಿಗಿಂತ ಜಾಸ್ತಿ ತಾಗುತ್ತದೆ. ನಮ್ಮಲ್ಲಿ ‘ಕುಶಾಲಿಗೆ ಹೇಳಿದ್ದು ಮಾರಾಯ್ರೆ’ ಅಂದರೆ ಮುಗಿಯಿತು. ಈಗ ಕುಶಾಲಿಗೂ ಕಾನೂನು ಹುಡುಕುತ್ತಾರೆ.

ಧಾರವಾಡದ ಅಕ್ಕ:
ಕೌರವನ ಕೈಯಲ್ಲೂ ಗದೆ ಇತ್ತಲ್ಲ ಅಣ್ಣ? ಸೊಸೆ ಕೈಯಲ್ಲಿ ಏನಿದೆ? ಬಾಳೆಗಿಡ ನೆಡುವವರ ಪರ ನಾನೂ ಇದ್ದೇನೆ. ಅವರು ಆಡುತ್ತಿರುವುದು ತಮಗಿಂತ ದೊಡ್ಡವರನ್ನು.

ಮೀಮ್ ಪೇಜ್ ಹುಡುಗ:
ನಮ್ಮ ವಯಸ್ಸಿನವರ ಪರವಾಗಿ ಒಂದು ಮಾತು. ನಮ್ಮಲ್ಲೂ ಪದಗಳು ಬೇರೆ ಬೇರೆ ಇವೆ ಮೇಡಂ. ಬಕ್ರಾ ಮಾಡೋದು ಅಂದರೆ ನಂಬಿಸಿ ಪೆದ್ದು ಮಾಡುವುದು. ರೋಸ್ಟ್ ಅಂದರೆ ಎದುರು ಕೂತವರು ಒಪ್ಪಿದ ಮೇಲೆ ಆಡಿಕೊಳ್ಳುವುದು. ರೇಗಿಸೋದು ಗೆಳೆಯರ ಮಧ್ಯೆ. ಟ್ರೋಲ್‌ನಲ್ಲಿ ಮಾತ್ರ ಗೊತ್ತಿಲ್ಲದ ಸಾವಿರಾರು ಜನ ಸೇರಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಮಕ್ಕಳು ಒಂದೇ ಪದ ಬರೆದಿರಬಹುದು, ಆಟದ ಮೈದಾನದಲ್ಲಿ ಅವರ ಮಾತು ಕೇಳಿಸಿಕೊಳ್ಳಿ.

ಮೈಸೂರಿನ ವಕೀಲೆ:
ಕರಾವಳಿಗರೇ, ಕುಶಾಲಿಗೆ ಕಾನೂನು ಬೇಡ ಅನ್ನುವುದು ನನಗೂ ಒಪ್ಪಿಗೆ. ಆದರೆ ಕಾನೂನು ಕೇಳುವ ಪ್ರಶ್ನೆ ಅಕ್ಕನ ಪ್ರಶ್ನೆಗೆ ಬಹಳ ಹತ್ತಿರ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ನೋಡಿ. ಅಂಗವಿಕಲರನ್ನು ಅವಮಾನಿಸಬೇಕು ಅಂತಲೇ ಜನ ನೋಡುವ ಜಾಗದಲ್ಲಿ ಬೇಕೆಂದು ನಿಂದಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. 2024ರ ಜುಲೈನಲ್ಲಿ ಒಂದು ಹಿಂದಿ ಸಿನಿಮಾದ ಕೇಸಿನಲ್ಲಿ ಸುಪ್ರೀಂ ಕೋರ್ಟು ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ, ಅವರ ಬದುಕನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ ಅಂತ ಬಿಡಿಸಿ ಹೇಳಿತು. ನಗಬೇಡಿ ಅಂತ ಹೇಳಲಿಲ್ಲ. ಕಾಲೇಜಿನ ರ‍್ಯಾಗಿಂಗ್ ತಡೆಯುವ ಯುಜಿಸಿಯ 2009ರ ನಿಯಮದಲ್ಲೂ ಮಾತಿನಲ್ಲಿ ಅಥವಾ ಬರಹದಲ್ಲಿ ಕೀಟಲೆ ಮಾಡುವುದು ಸೇರಿದೆ.

ಈಗ ಸುದ್ದಿಮನೆಯವರಿಗೆ ಒಂದು ಪ್ರಶ್ನೆ. ‘ಚುಡಾಯಿಸು’ ಅನ್ನುವುದನ್ನು ಯಾಕೆ ಬಿಡುವುದಿಲ್ಲ? ನಮ್ಮ ಮೈಸೂರಲ್ಲಿ ಅತ್ತೆ ಮಗನನ್ನು ರೇಗಿಸುತ್ತೇವೆ, ಅಜ್ಜಿಯನ್ನು ಗೋಳು ಹೊಯ್ದುಕೊಳ್ಳುತ್ತೇವೆ. ಅದರಲ್ಲಿ ಪ್ರೀತಿ ಇದೆ. ಬಸ್ ಸ್ಟ್ಯಾಂಡಿನಲ್ಲಿ ಹುಡುಗಿಯ ಹಿಂದೆ ಬಿದ್ದು ಅಶ್ಲೀಲವಾಗಿ ಮಾತಾಡಿದವನಿಗೂ ‘ಚುಡಾಯಿಸಿದ’ ಅಂತ ಬರೆದರೆ ಅವನೂ ಅದೇ ಸಾಲಿಗೆ ಸೇರಿದ ಹಾಗಾಯಿತು. ಭಾರತೀಯ ನ್ಯಾಯ ಸಂಹಿತೆಯಲ್ಲಿ 75ನೇ ಸೆಕ್ಷನ್ ಲೈಂಗಿಕ ಕಿರುಕುಳಕ್ಕೆ, 78 ಹಿಂಬಾಲಿಸುವುದಕ್ಕೆ, 79 ಹೆಣ್ಣಿನ ಮರ್ಯಾದೆಗೆ ಧಕ್ಕೆ ತರುವ ಮಾತು, ಸನ್ನೆಗಳಿಗೆ. 2023ರಲ್ಲಿ ಸುಪ್ರೀಂ ಕೋರ್ಟು ತಂದ ಕೈಪಿಡಿಯಲ್ಲಿ ‘ಈವ್ ಟೀಸಿಂಗ್’ ಬೇಡ, ‘ಬೀದಿಯ ಲೈಂಗಿಕ ಕಿರುಕುಳ’ ಅನ್ನಿ ಅಂತ ಸ್ಪಷ್ಟವಾಗಿ ಇದೆ.

ಸುದ್ದಿಮನೆ:
ತಲೆಬರಹಕ್ಕೆ ಜಾಗ ಕಡಿಮೆ ಮೇಡಂ. ‘ಚುಡಾಯಿಸಿದ’ ಅಂದ ತಕ್ಷಣ ಓದುಗರಿಗೆ ಏನು ನಡೆದಿದೆ ಅಂತ ಹೊಳೆಯುತ್ತದೆ.

ಮೈಸೂರಿನ ವಕೀಲೆ:
ಜಾಗದ ಲೆಕ್ಕವನ್ನೇ ಹಾಕೋಣ. ‘ಯುವತಿಯನ್ನು ಚುಡಾಯಿಸಿದ ಯುವಕನ ಬಂಧನ’. ‘ಯುವತಿಗೆ ಕಿರುಕುಳ: ಯುವಕನ ಬಂಧನ’. ಎರಡನೆಯದೇ ಚಿಕ್ಕದು.

ಸುದ್ದಿಮನೆ:
ಚಿಕ್ಕದು ಹೌದು. ಆದರೆ ಕಿರುಕುಳ ಅನ್ನುವುದು ಸಾಲದವರ ಕಾಟಕ್ಕೂ ಬರುತ್ತದೆ, ವರದಕ್ಷಿಣೆಗೂ ಬರುತ್ತದೆ, ಆಫೀಸಿನ ಮೇಲಧಿಕಾರಿಯ ಕಾಟಕ್ಕೂ ಬರುತ್ತದೆ. ಬೀದಿಯಲ್ಲಿ ನಡೆದದ್ದು ಅಂತ ಗೊತ್ತಾಗುವುದಿಲ್ಲ.

ಧಾರವಾಡದ ಅಕ್ಕ:
ಹಾಗಾದರೆ ‘ಬೀದಿ ಕಿರುಕುಳ’ ಅಂತ ಹಾಕಿ. ‘ಬೀದಿ ನಾಟಕ’, ‘ಬೀದಿ ದೀಪ’ ಎಲ್ಲ ಇದೆಯಲ್ಲ, ಓದುವವರಿಗೆ ಕಷ್ಟ ಆಗುವುದಿಲ್ಲ.

ಸುದ್ದಿಮನೆ:
ಬಸ್ಸಿನ ಒಳಗೆ ನಡೆದರೆ?

ಮೀಮ್ ಪೇಜ್ ಹುಡುಗ:
‘ಬಸ್ಸಿನಲ್ಲಿ ಯುವತಿಗೆ ಕಿರುಕುಳ’. ನಡೆದ ಜಾಗವನ್ನೇ ಬರೆದರೆ ಆಯಿತಲ್ಲ ಸರ್. ಹೊಸ ಪದ ಹುಡುಕುವುದೇ ಬೇಕಿಲ್ಲ.