ಬಾಜಾ ಗಾಡಿಗೆ ಕಂಪನಿಗಳ ಹತ್ರ ಸಹಾಯ ಕೇಳೋದು ಹೇಗೆ? 40 ಮೇಲ್ ಹಾಕಿದೆವು, ಒಂದಕ್ಕೂ ಉತ್ತರ ಇಲ್ಲ

ರೋಲ್‌ಕೇಜ್_ಹುಡುಗ:
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಐದನೇ ಸೆಮ್ ಓದುತ್ತಿದ್ದೇನೆ. ನಾವು 22 ಜನ ಸೇರಿ ಬಾಜಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಗಾಡಿ ಕಟ್ಟಲು ಹೊರಟಿದ್ದೇವೆ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಒಬ್ಬರೇ ಕೂರುವ, ಕಲ್ಲು ಮಣ್ಣು ಗುಂಡಿ ಎಲ್ಲದರ ಮೇಲೂ ಓಡುವ ಗಾಡಿಯನ್ನು ವಿದ್ಯಾರ್ಥಿಗಳೇ ಡಿಸೈನ್ ಮಾಡಿ ಕಟ್ಟಬೇಕು, ಕೊನೆಗೆ 4 ಗಂಟೆಯ ಎಂಡ್ಯೂರೆನ್ಸ್ ರೇಸಿನಲ್ಲಿ ಓಡಿಸಬೇಕು. ಅಮೆರಿಕದಲ್ಲಿ 1976ರಲ್ಲಿ ಶುರುವಾದದ್ದು, ನಮ್ಮಲ್ಲಿ 2007ರಿಂದ ನಡೆಯುತ್ತಿದೆ.

ಸಮಸ್ಯೆ ಇಷ್ಟೇ. ಬಜೆಟ್ 6 ಲಕ್ಷ. ಕಾಲೇಜು ಒಂದು ಲಕ್ಷ ಕೊಡುತ್ತದಂತೆ. ವರ್ಕ್‌ಶಾಪಿನಲ್ಲಿ ಇರೋದು ಹರಿಹರದಲ್ಲಿ ತಯಾರಾದ ಹಳೇ ಕಿರ್ಲೋಸ್ಕರ್ ಲೇತ್‌ಗಳು ಮತ್ತು ಒಂದು ಆರ್ಕ್ ವೆಲ್ಡಿಂಗ್ ಸೆಟ್. ಸೀನಿಯರ್ಸ್ ಕೊಟ್ಟ ಸ್ಪಾನ್ಸರ್‌ಶಿಪ್ ಬ್ರೋಷರ್ ಹಿಡಿದು 40 ಕಂಪನಿಗೆ ಮೇಲ್ ಮಾಡಿದೆವು, ಒಂದು ಕಡೆ ಗೇಟಿನ ತನಕ ಹೋಗಿದ್ದಕ್ಕೆ ಸೆಕ್ಯೂರಿಟಿಯವರು ಕವರ್ ಇಸ್ಕೊಂಡು ಕಳಿಸಿದರು. ಕಂಪನಿಗಳ ಹತ್ರ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ) ದುಡ್ಡು ಬೇಕಾದಷ್ಟು ಇರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಿ ತಪ್ಪುತ್ತಿದ್ದೇವೆ?

ಪೀಣ್ಯ_ಎರಡನೇ_ಹಂತ:
ತಮ್ಮಾ, ಆ ಬ್ರೋಷರ್ ನನಗೂ ಬರುತ್ತೆ. ವರ್ಷಕ್ಕೆ ಹತ್ತು ಹದಿನೈದು. ಗೋಲ್ಡ್ ಸ್ಪಾನ್ಸರ್, ಸಿಲ್ವರ್ ಸ್ಪಾನ್ಸರ್, ಬಾನೆಟ್ ಮೇಲೆ ಲೋಗೋ ಇಷ್ಟು ಸೈಜು. ನಾವು ಡೈ, ಅಂದರೆ ಲೋಹದ ಅಚ್ಚು ಮಾಡುವವರು, ನಮ್ಮ ಗಿರಾಕಿಗಳು ಎಂಟು ಜನ, ಅವರಿಗೆಲ್ಲ ನಮ್ಮ ಫೋನ್ ನಂಬರ್ ಗೊತ್ತು. ಲೋಗೋ ಕಟ್ಕೊಂಡು ನಾನೇನು ಮಾಡಲಿ?

ದುಡ್ಡು ಕೇಳಬೇಡಿ, ಕೆಲಸ ಕೇಳಿ. "ನಮ್ಮ ಚಕ್ರದ ಹಬ್ 4 ಪೀಸ್ ಇದೆ, ಡ್ರಾಯಿಂಗ್ ಇದು, ವಿಎಂಸಿ (ಕಂಪ್ಯೂಟರಿನಿಂದ ನಡೆಯುವ ಮಿಲ್ಲಿಂಗ್ ಮೆಷಿನ್) ಮೇಲೆ ಇಷ್ಟು ಹೊತ್ತು ಹಿಡಿಯಬಹುದು, ಮೆಟೀರಿಯಲ್ ನಾವೇ ತರುತ್ತೇವೆ, ಭಾನುವಾರ ಮೆಷಿನ್ ಖಾಲಿ ಇದ್ದರೆ ಆಗುತ್ತಾ?" ಅಂತ ಒಬ್ಬ ಹುಡುಗ ಎದುರು ಬಂದು ನಿಂತರೆ ಇಲ್ಲ ಅನ್ನೋದು ಬಹಳ ಕಷ್ಟ, ನನಗಂತೂ ಆಗಿಲ್ಲ. ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚು ಕಮ್ಮಿ ಆದರೆ ಪರವಾಗಿಲ್ಲ ಅನ್ನೋದನ್ನು ಮಾತ್ರ ಸರಿಯಾಗಿ ಹಾಕ್ಕೊಂಡು ಬನ್ನಿ. ಹೋದ ಸಲ ಒಂದು ಟೀಮಿನವರು ಎಲ್ಲ ಅಳತೆಗೂ ಪ್ಲಸ್ ಮೈನಸ್ 10 ಮೈಕ್ರಾನ್ ಅಂತ ಬರೆದಿದ್ದರು, ಬೋಲ್ಟ್ ತೂತಿಗೂ ಸೇರಿಸಿ! ಅವರನ್ನು ಕೂರಿಸಿಕೊಂಡು ಬೇರಿಂಗ್ ಕೂರುವ ಜಾಗ ಯಾವುದು, ಸುಮ್ನೆ ಗಾಳಿಗೆ ಇರುವ ಜಾಗ ಯಾವುದು ಅಂತ ಒಂದು ಗಂಟೆ ಹೇಳಿದೆ. ಅವತ್ತು ನಾನು ಮಾಡಿಕೊಟ್ಟ ಪೀಸಿಗಿಂತ ಆ ಒಂದು ಗಂಟೆಯೇ ಅವರಿಗೆ ಜಾಸ್ತಿ ಉಪಯೋಗಕ್ಕೆ ಬಂತಂತೆ.

ಇನ್ನೊಂದು. ರೂಲ್ ಬುಕ್ ಪ್ರಕಾರ, ಗಾಡಿ ಮಗುಚಿದರೆ ಡ್ರೈವರನ್ನು ಕಾಯುವ ಕೇಜಿನ ಪೈಪಿನಲ್ಲಿ ಕಾರ್ಬನ್ ಕನಿಷ್ಠ 0.18% ಇರಬೇಕು ಅಲ್ವಾ. ಶಿವಮೊಗ್ಗದಲ್ಲಿ ಫೌಂಡ್ರಿಗಳಿವೆ, ಲೋಹದಲ್ಲಿ ಏನೇನು ಎಷ್ಟಿದೆ ಅಂತ ಹೇಳುವ ಸ್ಪೆಕ್ಟ್ರೋ ಮೆಷಿನ್ ಇರುವವರ ಹತ್ರ ಪೈಪಿನ ತುಂಡು ಕೊಟ್ಟರೆ ಕೆಲವೇ ನಿಮಿಷದಲ್ಲಿ ರಿಪೋರ್ಟ್ ಬರುತ್ತೆ. ಇದನ್ನು ಕೇಳೋಕೆ ಬ್ರೋಷರ್ ಬೇಕಾ?

ಲೆಕ್ಕ_ಬಿಡದವಳು:
ನಾನು ಒಂದು ಕಂಪನಿಯ ಸಿಎಸ್‌ಆರ್ ಟೀಮಿನಲ್ಲಿದ್ದೇನೆ, ಅದಕ್ಕೇ ಇಲ್ಲಿ ಬಾಯಿ ಹಾಕುತ್ತಿದ್ದೇನೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಎಲ್ಲ ಕಂಪನಿಗೂ ಅನ್ವಯಿಸಲ್ಲ. ನೆಟ್‌ವರ್ತ್ 500 ಕೋಟಿ, ಟರ್ನೋವರ್ 1000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದಾದರೂ ಮುಟ್ಟಿರಬೇಕು. ಅಂಥವರು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ನೀವು ಮೇಲ್ ಹಾಕಿದ 40ರಲ್ಲಿ ಎಷ್ಟು ಕಂಪನಿ ಈ ಲೆಕ್ಕದೊಳಗೆ ಬರುತ್ತೆ ಅಂತ ನೋಡಿದ್ದೀರಾ?

ಮುಖ್ಯವಾದದ್ದು ಬೇರೆ ಇದೆ. ತಮ್ಮ ಸರಕಿಗೆ ಪ್ರಚಾರ ಸಿಗಲಿ ಅಂತ ಕಂಪನಿ ಕೊಡುವ ಪ್ರಾಯೋಜಕತ್ವ ಸಿಎಸ್‌ಆರ್ ಅಲ್ಲ ಅಂತ ನಿಯಮವೇ ಹೇಳುತ್ತದೆ. ಅಂದರೆ ಒಂದೇ ಕಾಗದದಲ್ಲಿ "ಸಿಎಸ್‌ಆರ್ ನಿಧಿಯಿಂದ ಕೊಡಿ, ಲೋಗೋ ಹಾಕಿ ಪ್ರಚಾರ ಮಾಡುತ್ತೇವೆ" ಅಂತ ಬರೆದರೆ ನಿಮ್ಮ ಅರ್ಜಿಗೆ ನೀವೇ ಕಲ್ಲು ಹಾಕಿಕೊಂಡ ಹಾಗೆ. ಲೋಗೋ ಬೇಕು ಅನ್ನುವವರ ದುಡ್ಡು ಮಾರ್ಕೆಟಿಂಗ್ ಬಜೆಟ್ಟಿನಿಂದ ಬರಬೇಕು, ಅದರ ಜನ ಬೇರೆ, ಮೇಲ್ ಐಡಿ ಬೇರೆ. ಇನ್ನು 22 ಹುಡುಗರ ಟೀಮಿನ ಖಾತೆಗೆ ಸಿಎಸ್‌ಆರ್ ಹಣ ಹಾಕೋಕೆ ಬರಲ್ಲ. ಟ್ರಸ್ಟ್, ಸೊಸೈಟಿಗಳ ಮೂಲಕ ಕೊಡಬೇಕಾದರೆ ಅವರು ಸಿಎಸ್‌ಆರ್-1 ಫಾರ್ಮ್ ತುಂಬಿ ನೋಂದಣಿ ಮಾಡಿಸಿರಬೇಕು, 2021ರ ಏಪ್ರಿಲ್‌ನಿಂದ ಹೀಗಿದೆ. ನಿಮ್ಮ ಕಾಲೇಜಿನ ಟ್ರಸ್ಟ್ ಮಾಡಿಸಿದೆಯಾ ಅಂತ ಮೊದಲು ಆಫೀಸಿನಲ್ಲಿ ಕೇಳಿ. ಮಾಡಿಸಿದ್ದರೆ ಒಂದು ಗಾಡಿಗೆ ಅಂತ ಕೇಳಬೇಡಿ, ಎಲ್ಲ ಬ್ಯಾಚಿನವರೂ ಕಲಿಯೋಕೆ ಟಿಗ್ ವೆಲ್ಡಿಂಗ್ (ನಾಜೂಕಿನ ಜಾಯಿಂಟಿಗೆ ಬಳಸುವ ವೆಲ್ಡಿಂಗ್) ಮಾಡುವ ಜಾಗ ಬೇಕು ಅಂತ ಕೇಳಿ. ಅದು ನಿಮ್ಮ ರೇಸಿಗೆ ಮುಂಚೆ ಬರಲ್ಲ, ಬೇಜಾರಾದರೂ ನಿಜ.

ಬೀಗದ_ಕೈ:
ಬರಲ್ಲ ಅಲ್ಲ, ಬಂದರೂ ಬೀಗ ಹಾಕಿಡ್ತಾರೆ. ನಮ್ಮ ಕಾಲೇಜಿಗೂ ಒಂದು ಕಂಪನಿ ಲ್ಯಾಬ್ ಮಾಡಿಕೊಟ್ಟಿತು. ರಿಬ್ಬನ್ ಕಟ್ ಆಯಿತು, ಫೋಟೋ ಬಂತು. ಆಮೇಲೆ ಮೆಷಿನ್ ಕೆಟ್ಟರೆ ಯಾರು ಹೊಣೆ ಅಂತ ಇನ್‌ಸ್ಟ್ರಕ್ಟರ್ ಬೀಗ ಹಾಕಿದವರು ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬಂದಾಗಷ್ಟೇ ತೆಗೆದರು. ಮೆಂಟರ್ ಅಂತ ಒಬ್ಬರನ್ನು ಕೊಟ್ಟಿದ್ದರು, ಪಾಪ ಒಳ್ಳೆಯವರೇ, ಆದರೆ ತಿಂಗಳಿಗೊಂದು ವಿಡಿಯೋ ಕಾಲಿನಲ್ಲಿ ಕೆರಿಯರ್ ಬಗ್ಗೆ ಮಾತಾಡುತ್ತಿದ್ದರು. ನಮಗೆ ಬೇಕಾಗಿದ್ದದ್ದು ಗೇರ್‌ಬಾಕ್ಸ್ ಯಾಕೆ ಬಿಸಿಯಾಗುತ್ತಿದೆ ಅನ್ನೋದು.

ಪೀಣ್ಯ_ಎರಡನೇ_ಹಂತ:
@ಬೀಗದ_ಕೈ ಅದಕ್ಕೇ ಹೇಳಿದ್ದು, ಹತ್ತಿರದವರನ್ನು ಹಿಡಿಯಿರಿ ಅಂತ. ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುವವರು ಬೇಕು. @ರೋಲ್‌ಕೇಜ್_ಹುಡುಗ ನಿಮ್ಮ ವರ್ಕ್‌ಶಾಪಿನ ಲೇತ್ ಹರಿಹರದ್ದು ಅಂದಿರಲ್ಲ, ಆ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು. ಆದರೆ ಅಲ್ಲಿ ಕೆಲಸ ಮಾಡಿದವರು ಊರಲ್ಲೇ ಇರಬಹುದು, ನಿಮ್ಮಿಂದ ಅರ್ಧ ಗಂಟೆ ದಾರಿ. ಹೋಗಿ ವಿಚಾರಿಸಿ.

ಮಲ್ನಾಡ್_ಮೆಕ್:
ಬೆಂಗಳೂರಿನ ಐಐಎಸ್ಸಿ ಆವರಣದಲ್ಲಿರುವ ಕೆಎಸ್‌ಸಿಎಸ್‌ಟಿಯ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೂ ಮುಂದಿನ ವರ್ಷ ಅರ್ಜಿ ಹಾಕಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ಕೊಡುತ್ತಾರೆ. ಮೊತ್ತ ಚಿಕ್ಕದು, ಇಡೀ ಗಾಡಿಗೆ ಸಾಲಲ್ಲ, ಆದರೆ ಸಸ್ಪೆನ್ಷನ್ ಟೆಸ್ಟ್ ರಿಗ್ ಥರದ್ದಕ್ಕೆ ಕೇಳಬಹುದು.

ರೋಲ್‌ಕೇಜ್_ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಅಪ್‌ಡೇಟ್: ಟ್ರಸ್ಟಿಗೆ ಸಿಎಸ್‌ಆರ್-1 ಆಗಿಲ್ಲ, ಆಫೀಸಿನಲ್ಲಿ ಅದು ಏನು ಅಂತ ನಮ್ಮನ್ನೇ ಕೇಳಿದರು. ಭಾನುವಾರ ಹರಿಹರಕ್ಕೆ ಹೋಗಿದ್ದೆವು. ನಾಲ್ಕು ಮನೆ ತಿರುಗಿದ ಮೇಲೆ ಫಿಟ್ಟರ್ ಆಗಿದ್ದ ಅಜ್ಜ ಒಬ್ಬರು ಸಿಕ್ಕರು. ಲ್ಯಾಪ್‌ಟಾಪ್‌ನಲ್ಲಿ ಮಾಡೆಲ್ ತೋರಿಸಿದರೆ ನೋಡಲೇ ಇಲ್ಲ, ಪೈಪ್ ಕೊಡಿ ಅಂದರು. ನಾವು ವೆಲ್ಡ್ ಮಾಡಿದ್ದ ಸ್ಯಾಂಪಲ್ ಜಾಯಿಂಟನ್ನು ತಿರುಗಿಸಿ ನೋಡಿ, ಒಂದೇ ಕಡೆಯಿಂದ ಪೂರ್ತಿ ಎಳೆದಿದ್ದೀರಿ, ಅದಕ್ಕೇ ಸೊಟ್ಟ ಆಗಿದೆ, ಮೊದಲು ಎಲ್ಲ ಕಡೆ ಟ್ಯಾಕ್ (ಚಿಕ್ಕ ಚುಕ್ಕೆ ವೆಲ್ಡ್) ಹಾಕಿ ಆಮೇಲೆ ಎದುರುಬದುರು ವೆಲ್ಡ್ ಮಾಡಬೇಕು ಅಂದರು. ಶನಿವಾರ ವರ್ಕ್‌ಶಾಪಿಗೆ ಬರುತ್ತಾರೆ, ಬೈಕಿನಲ್ಲಿ ಕರ್ಕೊಂಡು ಹೋಗಬೇಕು, ಲೇತನ್ನೂ ನೋಡಬೇಕಂತೆ.

ಪೀಣ್ಯದ ಅಣ್ಣಾ, ಹಬ್ ಡ್ರಾಯಿಂಗ್ ಮೆಸೇಜ್ ಮಾಡಿದ್ದೇನೆ, ಟಾಲರೆನ್ಸ್ ಬೇರಿಂಗ್ ಜಾಗಕ್ಕೆ ಮಾತ್ರ ಹಾಕಿದ್ದೇನೆ. ಯಾರ ಹತ್ರನಾದರೂ 4130 ಅನ್ನುವ ಉಕ್ಕಿನ ಪೈಪಿನ ಉಳಿಕೆ ತುಂಡುಗಳಿದ್ದರೆ ಹೇಳಿ, ಒಂದೊಂದು ಅಡಿ ಇದ್ದರೂ ಸಾಕು, ವೆಲ್ಡಿಂಗ್ ಪ್ರಾಕ್ಟೀಸಿಗೆ.