ಟೈಪ್‌ಸ್ಕ್ರಿಪ್ಟ್ ಬೇಕೇ ಬೇಕಾ?

ಶಿರಸಿ_ಕೋಡರ್: ಅಡಿಕೆ ವಖಾರಿಗೊಂದು ಬಿಲ್ಲಿಂಗ್ ಸೈಟ್ ಮಾಡ್ತಾ ಇದ್ದೇನೆ, ಜಾವಾಸ್ಕ್ರಿಪ್ಟ್ ಬರ್ತದೆ, ಎಲ್ರೂ ಟೈಪ್‌ಸ್ಕ್ರಿಪ್ಟೇ (ಅದೇ ಜಾವಾಸ್ಕ್ರಿಪ್ಟಿಗೆ ಟೈಪ್, ಅಂದ್ರೆ ಡೇಟಾ ನಂಬರಾ ಅಕ್ಷರವಾ ಅನ್ನೂದು, ಸೇರಿಸಿದ ಭಾಷೆ) ಹಿಡಿ ಅಂತಾರೆ. ಎಂತಕ್ಕೆ ಅಷ್ಟು ರಗಳೆ?

ಕಾರವಾರದಂವ: ಫಾರ್ಮ್‌ನಲ್ಲಿ ತುಂಬಿದ ತೂಕ ಸ್ಟ್ರಿಂಗ್, ಅಂದ್ರೆ ಬರೀ ಅಕ್ಷರಗಳ ಸಾಲು, ಆಗೇ ಬರೂದು ಮಾರಾಯ, 50ಕ್ಕೆ 5 ಕೂಡ್ಸಿದ್ರೆ 505 ಅಂತ ತೋರಿಸ್ತದೆ, ಅದೇ ಕಳೆದ್ರೆ ಸರಿಯಾಗಿ 45, ಎರರ್ ಎರಡಕ್ಕೂ ಇಲ್ಲ! ಟೈಪ್‌ಸ್ಕ್ರಿಪ್ಟ್‌ನಲ್ಲಿ ತೂಕ ನಂಬರ್ ಅಂತ ಬರ್ದಿಟ್ರೆ ಕಂಪೈಲ್ ಆಗೂವಾಗ್ಲೇ, ಅಂದ್ರೆ ಓಡೂ ಮೊದ್ಲು ಕೋಡ್ ಜಾವಾಸ್ಕ್ರಿಪ್ಟಿಗೆ ಬದಲಾಗೂವಾಗ್ಲೇ, ತಪ್ಪುಂಟು ಅಂತ ಬೊಬ್ಬೆ ಹೊಡೀತದೆ. ದುಡ್ಡಿನ ಲೆಕ್ಕ ಇದ್ರೆ ಅದೇ ಒಳ್ಳೇದು.

ಕುಮಟಾ_ವೆಬ್: ಆದ್ರೆ ಆ ಟೈಪೆಲ್ಲ ಕಂಪೈಲ್ ಆದ್ಮೇಲೆ ಅಳಿಸಿ ಹೋಗ್ತವೆ, ಬ್ರೌಸರಲ್ಲಿ ಓಡೂದು ಮತ್ತದೇ ಜಾವಾಸ್ಕ್ರಿಪ್ಟ್. ಸರ್ವರಿಂದ ಬಂದ ಡೇಟಾ ನೀವೇ ಚೆಕ್ ಮಾಡ್ಬೇಕು.

ಶಿರಸಿ_ಕೋಡರ್: ಸರ್ವರಲ್ಲಿ ಓಡೂ ಪಿಎಚ್‌ಪಿ ಭಾಷೇಲಿ ಟೈಪ್ ಚೆಕ್ ಉಂಟಾ?

ಕಾರವಾರದಂವ: 2015ರ ಪಿಎಚ್‌ಪಿ 7ರಿಂದ ಸ್ಟ್ರಿಕ್ಟ್ ಟೈಪ್ಸ್ (ಟೈಪ್ ತಪ್ಪಿದ್ರೆ ಎರರ್ ಕೊಡೂದು) ಉಂಟು, ಪ್ರತಿ ಫೈಲಿಗೂ ಬೇರೆ ಬೇರೆ ಆನ್ ಮಾಡ್ಬೇಕು ಅಷ್ಟೆ.