ಇಬ್ಬರು ಪುಟ್ಟ ಮಕ್ಕಳೊಂದಿಗೆ ಜಪಾನ್: ಸಲಹೆ ಬೇಕಾಗಿದೆ

ಪ್ರಶ್ನೆ (ಚಿಕ್ಕಮಗಳೂರು): ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ, ಅವನು ಚಾರ್ಮಾಡಿ ಘಾಟಿಯ ಮೂರನೆಯ ತಿರುವಿಗೇ ವಾಂತಿ ಮಾಡಿಕೊಳ್ಳುವವನು. ಕಾಫಿ ಕೊಯ್ಲು ಮುಗಿಸಿ ಮಾರ್ಚ್ ಕೊನೆಯಲ್ಲಿ ಹತ್ತು ದಿನಗಳಲ್ಲಿ ಟೋಕಿಯೊ, ಕ್ಯೋಟೊ, ಒಸಾಕಾ, ಹಿರೋಶಿಮಾ ನೋಡಿ ಬರಬೇಕೆಂದಿದ್ದೇವೆ. ಸಸ್ಯಾಹಾರಿಗಳಾದ ಅತ್ತೆಯವರೂ ಜೊತೆಗಿರುತ್ತಾರೆ. ಅತಿಯಾಯಿತೇ?

ಉತ್ತರ 1 (ಹಾಸನ): ಅತಿಯಾಯಿತು. ಹಿರೋಶಿಮಾ ಬಿಡಿ, ಕ್ಯೋಟೊದಲ್ಲೇ ಉಳಿದು ಒಸಾಕಾಕ್ಕೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ, ಘಾಟಿಯ ಕುಲುಕಾಟವೂ ಇಲ್ಲ. ಆರು ವರ್ಷದೊಳಗಿನ ಮಕ್ಕಳು ಪ್ರತ್ಯೇಕ ಆಸನ ಪಡೆಯದಿದ್ದರೆ ಟಿಕೆಟ್ ಬೇಕಿಲ್ಲವಾದರೂ, ಚೆರ್ರಿ ಹೂವಿನ ಕಾಲದ ಜನಸಂದಣಿಯಲ್ಲಿ ಮಗಳಿಗೆ ಅರ್ಧ ದರದ ಆಸನವನ್ನು ಕಾಯ್ದಿರಿಸುವುದೇ ಲೇಸು, ಇಲ್ಲದಿದ್ದರೆ ಇಬ್ಬರೂ ನಿಮ್ಮ ತೊಡೆಯ ಮೇಲೆಯೇ. ಉದ್ದ, ಅಗಲ, ಎತ್ತರ ಸೇರಿ 160 ಸೆಂ.ಮೀ. ಮೀರುವ ಪೆಟ್ಟಿಗೆಗೆ ಸ್ಥಳವನ್ನೂ ಮೊದಲೇ ಕಾಯ್ದಿರಿಸಬೇಕು.

ಉತ್ತರ 2: ಅತ್ತೆಯವರ ಊಟವೇ ನಿಜವಾದ ಕಷ್ಟ. ನೋಡಲು ಬರೀ ತರಕಾರಿಯಂತಿರುವ ಸಾರಿನಲ್ಲೂ, ನೂಡಲ್ಸ್‌ನಲ್ಲೂ ಸಾಮಾನ್ಯವಾಗಿ ಒಣಮೀನಿನಿಂದ ಬಸಿದ 'ದಾಶಿ' ಇರುತ್ತದೆ. ನಮ್ಮ ತಾಯಿ ಅವಲಕ್ಕಿ, ಚಟ್ನಿಪುಡಿ, ಮೊಸರಿನಲ್ಲೇ ನಾಲ್ಕು ದಿನ ಕಳೆದರು. ಟೋಕಿಯೊದಲ್ಲಿ ಭಾರತೀಯರು ಹೆಚ್ಚಿರುವ ನಿಶಿ-ಕಸಾಯ್ ಬಡಾವಣೆಯಲ್ಲಿ ಅನ್ನ-ಸಾಂಬಾರು ಕಂಡಾಗ ಅವರ ಮುಖ ಅರಳಿತು. ತೋಟದ ಬಾಳೆಹಣ್ಣನ್ನು ಮಾತ್ರ ಒಯ್ಯಬೇಡಿ. ತಾಜಾ ಹಣ್ಣಿಗೆ ತಪಾಸಣಾ ಪತ್ರ ಬೇಕಾಗುತ್ತದೆ.

ಉತ್ತರ 3: ಕ್ಯೋಟೊದ ಫುಶಿಮಿ ಇನಾರಿ ದೇಗುಲದ ಮೆಟ್ಟಿಲುಗಳಿಗೆ ತಳ್ಳುಗಾಡಿ ಆಗದು, ಮಗನನ್ನು ಬೆನ್ನಿಗೆ ಕಟ್ಟಿಕೊಳ್ಳಿ. ಕ್ಯೋಟೊ ಬಳಿಯ ನಾರಾ ನಗರದಲ್ಲಿ ಜಿಂಕೆಗಳು ಬಿಸ್ಕತ್ತಿಗಾಗಿ ಅಂಗಿಯ ತುದಿಯನ್ನೇ ಕಚ್ಚಿ ಎಳೆಯುತ್ತವೆ. ಮಗಳ ಕೈಗೆ ಬಿಸ್ಕತ್ತು ಕೊಡದೆ ನೀವೇ ತಿನ್ನಿಸಿ.